ಊದಿದ ಮೆದುಳಿಗೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ: ನನ್ನ ಅನುಭವ

ಜಿಲ್ಲಾ ಕೇಂದ್ರವೊಂದರಲ್ಲಿ ನರಶಸ್ತ್ರಚಿಕಿತ್ಸಕನಾಗಿರುವ ನನಗೆ ರಾತ್ರಿ ಬರುವ ಕರೆಗಳಲ್ಲಿ ಹೆಚ್ಚಿನವು ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರದ್ದಾಗಿರುತ್ತವೆ. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪನದಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಅದನ್ನು ತೀವ್ರ ಪೆಟ್ಟು ಎನ್ನುತ್ತೇವೆ. ಅಂಥವರಲ್ಲಿ ಕೆಲವರಿಗೆ ತಲೆಬುರುಡೆಯ ದೊಡ್ಡ ಭಾಗವನ್ನೇ ತೆಗೆದಿಟ್ಟು, ಊದಿದ ಮೆದುಳಿಗೆ ಹೊರಚಾಚಲು ಜಾಗ ಮಾಡಿಕೊಡಬೇಕಾಗುತ್ತದೆ. ಡಿಕಂಪ್ರೆಸಿವ್ ಕ್ರೇನಿಯೆಕ್ಟಮಿ ಎಂಬ ಈ ಶಸ್ತ್ರಚಿಕಿತ್ಸೆಯನ್ನು ನಾನು ಮಾಡುವ ಬಗೆಯನ್ನೂ, ಅದಕ್ಕೆ ಮುನ್ನ ಮನೆಯವರೊಂದಿಗೆ ಆಡುವ ಮಾತನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮೆದುಳು, ರಕ್ತ ಮತ್ತು ಮೆದುಳುಬಳ್ಳಿಯ ದ್ರವ ಇವು ಮೂರೇ ಇರುವುದರಿಂದ ಒಂದು ಹೆಚ್ಚಾದರೆ ಉಳಿದವು ಜಾಗ ಬಿಡಬೇಕು. ಬಿಡಲು ಜಾಗ ಮುಗಿದ ಕೂಡಲೇ ಒತ್ತಡ ಏರಿ ಮೆದುಳಿಗೆ ರಕ್ತ ಹರಿಯುವುದೇ ಕಡಿಮೆಯಾಗುತ್ತದೆ. ಒಳಒತ್ತಡ ಪಾದರಸದ 22 ಮಿಲಿಮೀಟರ್ ದಾಟಿದರೆ ಚಿಕಿತ್ಸೆ ಬೇಕೆಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಮೊದಲು ತಲೆಯ ಭಾಗವನ್ನು 30 ಡಿಗ್ರಿ ಎತ್ತರಿಸಿ, ಕತ್ತನ್ನು ನೇರವಾಗಿರಿಸಿ, ವೆಂಟಿಲೇಟರಿನಲ್ಲಿಟ್ಟು ನಿದ್ರೆಯ ಔಷಧ ಕೊಟ್ಟು, ಊತ ಇಳಿಸಲು ಮ್ಯಾನಿಟಾಲ್ ಅಥವಾ ಸಾಂದ್ರ ಉಪ್ಪಿನ ದ್ರಾವಣ ಹಾಕುತ್ತೇವೆ. ಸ್ಟೀರಾಯ್ಡ್ ಕೊಡುವುದಿಲ್ಲ, ತಲೆಗೆ ಪೆಟ್ಟಾದವರಲ್ಲಿ ಅದರಿಂದ ಸಾವು ಹೆಚ್ಚುತ್ತದೆಂದು ಕ್ರ್ಯಾಶ್ ಅಧ್ಯಯನ 2004ರಲ್ಲೇ ತೋರಿಸಿಕೊಟ್ಟಿದೆ. ಆದರೆ ಸಿಟಿ ಸ್ಕ್ಯಾನಿನಲ್ಲಿ ಮೆದುಳನ್ನು ಹೊದ್ದ ಡ್ಯೂರಾ ಪೊರೆಯಡಿ ದಪ್ಪನಾದ ರಕ್ತದ ಹೆಪ್ಪು ಕಂಡು, ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದು, ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಸ್ಪಂದಿಸದಿದ್ದರೆ ಔಷಧದ ಫಲಕ್ಕಾಗಿ ಕಾಯುವಂತಿಲ್ಲ. ಆಪರೇಷನ್ ಥಿಯೇಟರಿಗೆ ಒಯ್ಯುವಾಗಲೇ ಮ್ಯಾನಿಟಾಲ್ ಹರಿಯುತ್ತಿರುತ್ತದೆ.

ಕಿವಿಯ ಮುಂದೆ, ಕೆನ್ನೆಮೂಳೆಯ ಬುಡದ ಮಟ್ಟದಲ್ಲಿ ಶುರುವಾಗುವ ನನ್ನ ಕೊಯ್ತದ ಗೆರೆ ಕಿವಿಯ ಮೇಲಿನಿಂದ ಹಿಂದಕ್ಕೆ ಸಾಗಿ, ನಡುನೆತ್ತಿಯತ್ತ ತಿರುಗಿ, ಹಣೆಯ ಕೂದಲಂಚಿನವರೆಗೆ ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ಬರುತ್ತದೆ. ಕಿವಿಯ ಮುಂದಿನ ರಕ್ತನಾಳವನ್ನು ಉಳಿಸಿಕೊಳ್ಳಲೇಬೇಕು. ಅಷ್ಟು ದೊಡ್ಡ ಚರ್ಮದ ಪದರ ಬದುಕುವುದು ಮುಖ್ಯವಾಗಿ ಅದರ ಆಸರೆಯಿಂದ. ಬುರುಡೆಗೆ ರಂಧ್ರಗಳನ್ನು ಕೊರೆದು ಅವುಗಳ ನಡುವೆ ಕ್ರೇನಿಯೊಟೋಮ್ ಎಂಬ ಮೂಳೆ ಕತ್ತರಿಸುವ ಯಂತ್ರ ಓಡಿಸುತ್ತೇನೆ. ಯಂತ್ರ ಕೈಕೊಟ್ಟರೆ ಗಿಗ್ಲಿ ತಂತಿಗರಗಸ ಇಂದಿಗೂ ನಂಬಿಕೆಯ ಸಾಧನ. ನಡುಗೆರೆಯ ಕೆಳಗೆ ದೊಡ್ಡ ಅಭಿಧಮನಿ ಹರಿಯುವುದರಿಂದ ಅಲ್ಲಿಂದ ಎರಡೂವರೆ ಸೆಂಟಿಮೀಟರಿನಷ್ಟು ದೂರ ಉಳಿಯುತ್ತೇನೆ.

ಕಿರಿಯ ವೈದ್ಯರಿಗೆ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ತೆರೆಯುವುದಾದರೆ ಅಗಲವಾಗಿ ತೆರೆಯಿರಿ. ಮೂಳೆಯ ತುಂಡು ಕನಿಷ್ಠ 12×15 ಸೆಂಟಿಮೀಟರ್ ಇರಬೇಕು. ಕಿಂಡಿ ಕಿರಿದಾದರೆ ಊದಿದ ಮೆದುಳು ಅದರೊಳಗಿಂದ ಉಬ್ಬಿ ಬಂದು ಮೂಳೆಯ ಅಂಚಿಗೆ ಒತ್ತಿಕೊಳ್ಳುತ್ತದೆ, ಅಂಚಿನಲ್ಲಿ ಅಭಿಧಮನಿಗಳು ಮಡಚಿಕೊಳ್ಳುತ್ತವೆ, ಮರಳಿ ಹೋಗಲಾರದ ರಕ್ತ ಅಲ್ಲೇ ನಿಂತು ಊತ ಇನ್ನಷ್ಟು ಹೆಚ್ಚುತ್ತದೆ. ಕಿವಿಯ ಮೇಲಿನ ಮೂಳೆಯನ್ನು ಬುರುಡೆಯ ತಳದವರೆಗೂ ಚಿವುಟಿ ತೆಗೆಯುವುದು ಅದಕ್ಕಿಂತಲೂ ಮುಖ್ಯ. ಮೆದುಳುಕಾಂಡದ ಮೇಲೆ ಒತ್ತುತ್ತಿರುವುದು ಅಲ್ಲಿನ ಟೆಂಪೊರಲ್ ಹಾಲೆ ಎಂಬ ಮೆದುಳಿನ ಭಾಗದ ಒಳ ಅಂಚು. ಮೇಲ್ಭಾಗವನ್ನು ಎಷ್ಟೇ ತೆರೆದರೂ ಆ ತಳ ಮುಚ್ಚಿದ್ದರೆ ಪಾಪೆಯನ್ನು ಹಿಗ್ಗಿಸಿದ ಒತ್ತಡ ಪೂರ್ತಿ ಇಳಿಯದು.

ಒತ್ತಡವಿರುವ ಡ್ಯೂರಾ ನೀಲಿಗಟ್ಟಿ, ಬೆರಳಿಟ್ಟರೆ ಬಿಗಿಯಾಗಿ, ಬಡಿತವಿಲ್ಲದೆ ಇರುತ್ತದೆ. ಅದನ್ನು ಒಂದೇ ಸಲಕ್ಕೆ ತೆರೆಯುವುದಿಲ್ಲ. ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ, ರಕ್ತ ಸಿದ್ಧವಿದೆಯೆಂದು ಖಚಿತಪಡಿಸಿಕೊಂಡು, ಸಣ್ಣ ಸೀಳಿನಿಂದ ಹೆಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತೇನೆ, ಏಕೆಂದರೆ ಒತ್ತಡ ಹಠಾತ್ತಾಗಿ ಇಳಿದಾಗ ರಕ್ತದೊತ್ತಡವೂ ಕುಸಿಯಬಹುದು, ಮೆದುಳೂ ಒಮ್ಮೆಲೇ ಉಬ್ಬಬಹುದು. ಹೆಪ್ಪು ಹೋದ ಮೇಲೆ ಮೆದುಳು ಸಡಿಲವಾಗಿ, ನಾಡಿಯೊಂದಿಗೆ ಮಿಡಿಯುತ್ತಿದ್ದರೆ ಮೂಳೆಯನ್ನು ಮತ್ತೆ ಅಲ್ಲೇ ಕೂರಿಸಬಹುದು. ಮಿಡಿತ ಬಾರದೆ ಊತ ಉಳಿದಿದ್ದರೆ ಮೂಳೆ ಹೊರಗಿರುತ್ತದೆ. ತಲೆಯ ಚರ್ಮದ ಒಳಪದರದಿಂದಲೇ ತೆಗೆದ ಪೊರೆಯ ತೇಪೆಯಿಂದ ಡ್ಯೂರಾವನ್ನು ಸಡಿಲವಾಗಿ ಮುಚ್ಚುತ್ತೇನೆ.

ಮೂಳೆಯನ್ನು ಎಲ್ಲಿಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಅತಿಶೀತಲ ಪೆಟ್ಟಿಗೆ ಎಲ್ಲ ಊರುಗಳಲ್ಲೂ ಇರುವುದಿಲ್ಲ. ಆದ್ದರಿಂದ ರೋಗಿಯ ಹೊಟ್ಟೆಯ ಚರ್ಮದಡಿಯ ಕೊಬ್ಬಿನಲ್ಲೇ ಇಟ್ಟು ಹೊಲಿಯುತ್ತೇವೆ. ರೋಗಿ ಮುಂದೆ ಯಾವ ಆಸ್ಪತ್ರೆಗೆ ಹೋದರೂ ಅವರ ಮೂಳೆ ಅವರೊಂದಿಗೇ ಇರುತ್ತದೆ. ತಲೆಯ ಬ್ಯಾಂಡೇಜಿನ ಮೇಲೆ "ಈ ಕಡೆ ಮೂಳೆ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆಯದೆ ಐಸಿಯುಗೆ ಕಳುಹಿಸುವುದಿಲ್ಲ. ಮಗ್ಗುಲು ಬದಲಿಸುವ ಸಿಬ್ಬಂದಿಗೆ ಆ ಬರಹವೇ ಎಚ್ಚರಿಕೆ.

ಇವೆಲ್ಲಕ್ಕೂ ಮೊದಲು, ಥಿಯೇಟರಿನ ಬಾಗಿಲಲ್ಲಿ ನಿಂತ ಮನೆಯವರೊಡನೆ ಮಾತಾಡಬೇಕು. ಸಮಯ ಬಹಳ ಕಡಿಮೆ, ಆದರೂ ಈ ಮಾತನ್ನು ಸಹಿಯ ಕಾಗದಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. "ಡಾಕ್ಟ್ರೇ, ಆಪರೇಷನ್ ಮಾಡಿದ್ರೆ ನಮ್ಮ ಹುಡುಗ ಮೊದಲಿನ ಹಾಗೆ ಆಗ್ತಾನಲ್ಲ?" ಎಂದು ಒಬ್ಬ ತಾಯಿ ಕೇಳಿದಾಗ, "ಅಮ್ಮಾ, ಜೀವ ಉಳಿಸೋ ಪ್ರಯತ್ನ ಮಾಡ್ತೀವಿ, ಮೊದಲಿನ ಹಾಗೆ ಆಗ್ತಾನೆ ಅಂತ ಈಗ ನಾನು ಹೇಳೋಕಾಗಲ್ಲ" ಎಂದೇ ಹೇಳಿದೆ. ಹಾಗೆ ಹೇಳಲು ಕಾರಣವಿದೆ. ಔಷಧಗಳಿಗೆ ಬಗ್ಗದ ಒತ್ತಡವಿದ್ದವರ ಕುರಿತ ರೆಸ್ಕ್ಯೂ ಐಸಿಪಿ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು: ಆರು ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡ 26.9, ಔಷಧದ ಗುಂಪಿನಲ್ಲಿ ಶೇಕಡ 48.9 ಮಂದಿ ತೀರಿಕೊಂಡಿದ್ದರು. ಆದರೆ ಪ್ರಜ್ಞೆ ಮರಳದ ಸ್ಥಿತಿಯಲ್ಲಿ ಉಳಿದವರು ಮೊದಲ ಗುಂಪಿನಲ್ಲಿ ಶೇಕಡ 8.5, ಎರಡನೆಯದರಲ್ಲಿ 2.1. ಪರಾವಲಂಬಿಗಳಾಗಿ ಬದುಕಿದವರೂ ಶಸ್ತ್ರಚಿಕಿತ್ಸೆಯ ಗುಂಪಿನಲ್ಲೇ ಹೆಚ್ಚು. ವಯಸ್ಸಾದವರಲ್ಲಿ, ಎರಡೂ ಪಾಪೆಗಳು ಬಹಳ ಹೊತ್ತಿನಿಂದ ಹಿಗ್ಗಿ ನಿಂತವರಲ್ಲಿ ನಾನು ಇದನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ, ಮತ್ತು ಏಕೆ ಮಾಡುವುದಿಲ್ಲವೆಂದು ಕುಳಿತು ವಿವರಿಸುತ್ತೇನೆ.

ಊತ ಇಳಿದು, ಸೋಂಕಿಲ್ಲದೆ ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಮೂಳೆಯನ್ನು ಮರಳಿ ಕೂರಿಸುತ್ತೇವೆ. ಅಲ್ಲಿಯವರೆಗೆ ಎದ್ದು ಓಡಾಡುವಾಗಲೆಲ್ಲ ತಲೆಗೆ ರಕ್ಷಣೆಯ ಟೋಪಿ ಇರಬೇಕು. ಹೊಟ್ಟೆಯಲ್ಲಿಟ್ಟ ಮೂಳೆ ಕೆಲವರಲ್ಲಿ ಸವೆದಿರುತ್ತದೆ. ಆಗ ಟೈಟಾನಿಯಂ ಜಾಲರಿ ಅಥವಾ ಮೂಳೆ ಸಿಮೆಂಟ್ ಬಳಸುತ್ತೇವೆ. ಮೂಳೆಯಿಲ್ಲದ ಜಾಗ ಒಳಕ್ಕೆ ಕುಸಿದು, ಎದ್ದು ಕೂತಾಗ ತಲೆನೋವು, ಮಂಕು, ಕೈಕಾಲಿನ ಬಲಹೀನತೆ ಹೆಚ್ಚುತ್ತಿರುವ ರೋಗಿಗೆ ಈ ಎರಡನೆಯ ಶಸ್ತ್ರಚಿಕಿತ್ಸೆ ಅಂದಕ್ಕಾಗಿ ಮಾಡುವಂಥದ್ದಲ್ಲ. ಮೂಳೆ ಕೂರಿಸಿದ ಮೇಲೆ ಅಂಥ ಕೆಲವರ ಮಾತು, ನಡಿಗೆ ಎರಡೂ ಸುಧಾರಿಸಿದ್ದನ್ನು ನೋಡಿದ್ದೇನೆ. ಹಣ ಹೊಂದಿಸಲಾಗದೆ ಇದನ್ನು ಮುಂದೂಡುವ ಮನೆಯವರಿಗೆ ಸರ್ಕಾರಿ ಯೋಜನೆಯ ಕಾಗದಗಳನ್ನು ಮೊದಲ ಬಿಡುಗಡೆಯ ದಿನವೇ ಮಾಡಿಸಿಕೊಳ್ಳಿ ಎಂದು ಹೇಳಿ ಕಳುಹಿಸುತ್ತೇನೆ.