ಹಾಟ್ ಹ್ಯಾಚ್ ಕೊಳ್ಳುವಾಗ ಪರ್ಫಾರ್ಮೆನ್ಸ್ ಆವೃತ್ತಿ ಬೇಕೇ?

ಹಾಟ್ ಹ್ಯಾಚ್ ಎಂದರೆ ಬಲವಾದ ಎಂಜಿನ್ ಇರುವ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು; ಅದರ ಹೆಚ್ಚು ಬೆಲೆಯ, ಹೆಚ್ಚು ಸಜ್ಜಾದ ರೂಪ ಪರ್ಫಾರ್ಮೆನ್ಸ್ ಆವೃತ್ತಿ. ಒಂದೇ ಮಾದರಿಯ ಎರಡು ಕಾರುಗಳನ್ನು ಒಂದೇ ಮಳೆಯ ದಿನ, ಒಂದೇ ಏರುದಾರಿಯಲ್ಲಿ ಓಡಿಸಿದ ಮೇಲೆ ನನಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಡಕ್ಕೆ ಹೊರಳಿ ಹತ್ತುವ ಬಿಗಿಯಾದ ತಿರುವು, ಎರಡನೇ ಗೇರ್. ಸಾಮಾನ್ಯ ಆವೃತ್ತಿಯಲ್ಲಿ ಆಕ್ಸಲರೇಟರ್ ಒತ್ತುತ್ತಿದ್ದಂತೆ ಒಳಬದಿಯ ಮುಂಚಕ್ರ ಬರ್ರೆಂದು ಸುತ್ತಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು, ಎಂಜಿನ್ ಉಸಿರು ಕಟ್ಟಿದಂತಾಗಿ ಕಾರು ರಸ್ತೆಯ ಹೊರ ಅಂಚಿನತ್ತ ಸರಿಯತೊಡಗಿತು. ಪರ್ಫಾರ್ಮೆನ್ಸ್ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ಅಷ್ಟೇ ಒತ್ತಿದೆ. ಸ್ಟೀರಿಂಗ್ ಕೈಯಲ್ಲಿ ತುಸು ಬಿಗಿಯಾಯಿತು, ಕಾರಿನ ಮೂತಿ ಒಳಕ್ಕೆ ತಿರುಗಿತು, ಸಲೀಸಾಗಿ ಹತ್ತಿಹೋಯಿತು. ಈ ಅಂತರವನ್ನು ಉಂಟುಮಾಡಿದ್ದು ಮುಂದಿನ ಎರಡು ಚಕ್ರಗಳ ನಡುವೆ ಕೂತಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ.

ತಿರುವಿನಲ್ಲಿ ಭಾರವೆಲ್ಲ ಹೊರಬದಿಗೆ ವಾಲುವುದರಿಂದ ಒಳಚಕ್ರ ಹಗುರಾಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಒಂದೇ ಪ್ರಮಾಣದ ಟಾರ್ಕ್ (ತಿರುಗಿಸುವ ಬಲ) ಹಂಚುತ್ತದೆ. ಹಗುರಾದ ಚಕ್ರ ಎಷ್ಟು ತಾಳಿಕೊಳ್ಳಬಲ್ಲದೋ ಭಾರ ಹೊತ್ತ ಹೊರಚಕ್ರಕ್ಕೂ ಅಷ್ಟೇ ಸಿಗುತ್ತದೆ. ಎಷ್ಟೋ ತಯಾರಕರು ಇದನ್ನು ಸರಿದೂಗಿಸಲು ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕುವ ತಂತ್ರಾಂಶ ಕೊಡುತ್ತಾರೆ. ದಿನನಿತ್ಯದ ಓಡಾಟಕ್ಕೆ ಅದು ಸಾಕು. ಆದರೆ ಬೆಟ್ಟದ ದಾರಿಯಲ್ಲಿ ಅರ್ಧ ತಾಸು ಹುರುಪಿನಿಂದ ಓಡಿಸಿದರೆ ಬ್ರೇಕ್ ಬಿಸಿಯಾಗುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹೆಚ್ಚಿನ ಟಾರ್ಕನ್ನು ಹಿಡಿತವಿರುವ ಚಕ್ರಕ್ಕೇ ದಾಟಿಸುತ್ತದೆ.

ಆದ್ದರಿಂದ ಶೋರೂಮಿನಲ್ಲಿ ಅಶ್ವಶಕ್ತಿಯ ಅಂಕಿಯನ್ನು ಮೊದಲು ತೋರಿಸಿದರೆ ಅದನ್ನು ಪಕ್ಕಕ್ಕಿಡಿ. ಹ್ಯುಂಡೈ ಐ30 ಎನ್ 2017ರಲ್ಲಿ ಬಂದಾಗ ಸಾಮಾನ್ಯ ಆವೃತ್ತಿಗೆ 250 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), ಪರ್ಫಾರ್ಮೆನ್ಸ್‌ಗೆ 275 ಪಿಎಸ್ ಇತ್ತು. ಟಾರ್ಕ್ ಎರಡಕ್ಕೂ 353 ಎನ್‌ಎಂ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಒಂದು 6.4 ಸೆಕೆಂಡಿನಲ್ಲಿ ಮುಟ್ಟಿದರೆ ಇನ್ನೊಂದು 6.1ರಲ್ಲಿ. ಈ 0.3 ಸೆಕೆಂಡು ರಸ್ತೆಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಪ್ಯಾಕೇಜಿನಲ್ಲಿ ಬಂದ ಡಿಫರೆನ್ಷಿಯಲ್ ಮಾತ್ರ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

‘ಪರ್ಫಾರ್ಮೆನ್ಸ್’ ಎಂಬ ಹೆಸರಿನ ಅಡಿಯಲ್ಲಿ ಏನೇನಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲು ಬಂದಾಗ ಆ ಪ್ಯಾಕ್ ಸೇರಿಸುತ್ತಿದ್ದುದು ಬರೀ 10 ಪಿಎಸ್; ಜೊತೆಗೆ ಎಲೆಕ್ಟ್ರಾನಿಕ್ ನಿಯಂತ್ರಣದ ಡಿಫರೆನ್ಷಿಯಲ್ ಮತ್ತು 312 ಮಿಲಿಮೀಟರ್ ಬದಲು 340 ಮಿಲಿಮೀಟರ್‌ನ ಮುಂಬದಿ ಬ್ರೇಕ್ ಡಿಸ್ಕ್. 2018ರ ಫೋರ್ಡ್ ಫಿಯೆಸ್ಟಾ ಎಸ್‌ಟಿಯಲ್ಲಿ ಶಕ್ತಿ 200 ಪಿಎಸ್‌ಗೇ ನಿಂತಿತು, ಡಿಫರೆನ್ಷಿಯಲ್ ಮತ್ತು ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಚಕ್ರ ಜಾರದಂತೆ ವೇಗವಾಗಿ ಹೊರಡಿಸುವ ವ್ಯವಸ್ಥೆ) ಸೇರಿದವು. ರೆನೋ ಮೆಗಾನ್ ಆರ್‌ಎಸ್‌ನ ‘ಕಪ್ ಷಾಸಿ’ ಎಂಬ ಪ್ಯಾಕೇಜಿನಲ್ಲಿ ಟಾರ್ಸೆನ್ ಎಂಬ ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಜೊತೆಗೆ ಸಸ್ಪೆನ್ಷನ್ ಕೂಡ ಶೇ. 10ರಷ್ಟು ಗಡುಸಾಗಿತ್ತು. ಹಾಗಾಗಿ ಎರಡೂ ಆವೃತ್ತಿಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ಓದಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ಮುಂದೆ ನಾನೇ ಹಾಕಿಸಿಕೊಳ್ಳಬಹುದೇ?

ಒಳ್ಳೆಯ ಟೈರ್ ಹಾಕಿಸಬಹುದು. ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಬದಲಿಸಬಹುದು. ಎಂಜಿನ್ ತಂತ್ರಾಂಶ ಬದಲಿಸಿ ಶಕ್ತಿ ಏರಿಸುವವರೂ ಇದ್ದಾರೆ, ಆದರೆ ವಾರಂಟಿಗೆ ಕುತ್ತು ಬರಬಹುದು, ವಿಮಾ ಕಂಪನಿಗೂ ತಿಳಿಸಬೇಕು. ಡಿಫರೆನ್ಷಿಯಲ್ ಮಾತ್ರ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ ಕೂರಿಸಬೇಕಾದ ಭಾಗ. ನನ್ನ ಮಟ್ಟಿಗೆ ಪಟ್ಟಿಯಲ್ಲಿ ಅದಿದ್ದರೆ ಹೆಚ್ಚಿನ ಹಣಕ್ಕೆ ಅರ್ಥವಿದೆ. ಬರೀ ಕೆಂಪು ಹೊಲಿಗೆ, ದೊಡ್ಡ ಸ್ಪಾಯ್ಲರ್, ಬೇರೆ ಬಣ್ಣದ ಕನ್ನಡಿ ಇದ್ದರೆ ಇಲ್ಲ.

ಬ್ರೇಕ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸುವಾಗ ದೂರ ನಿರ್ಧಾರವಾಗುವುದು ಬಹುಮಟ್ಟಿಗೆ ಟೈರಿನ ಹಿಡಿತದಿಂದ. ದೊಡ್ಡ ಡಿಸ್ಕಿನ ಬೆಲೆ ತಿಳಿಯುವುದು ಹತ್ತನೇ ಸಲ ಒತ್ತಿದಾಗ, ಉದ್ದನೆಯ ಇಳಿಜಾರಿನಲ್ಲಿ, ಟ್ರ್ಯಾಕಿನಲ್ಲಿ. ಅಂಥ ಕಡೆ ಓಡಿಸದವರಿಗೆ ಮೂಲ ಡಿಸ್ಕ್ ಸಾಲುತ್ತದೆ.

ಚಕ್ರದ ಬಗ್ಗೆ ನಾನು ಹಣ ಕೊಟ್ಟು ಕಲಿತಿದ್ದೇನೆ. ಆ 2017ರ ಐ30 ಎನ್‌ನಲ್ಲಿ ಸಾಮಾನ್ಯ ಆವೃತ್ತಿಯ ಟೈರ್ 225/40 ಆರ್18 (ಅಗಲ 225 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 40, ರಿಮ್ 18 ಇಂಚು), ಪರ್ಫಾರ್ಮೆನ್ಸ್‌ನದು 235/35 ಆರ್19. ಲೆಕ್ಕ ಹಾಕಿದರೆ ಟೈರಿನ ಪಕ್ಕೆಯ ಎತ್ತರ ಮೊದಲನೆಯದರಲ್ಲಿ 90 ಮಿಲಿಮೀಟರ್, ಎರಡನೆಯದರಲ್ಲಿ ಸುಮಾರು 82. ಎಂಟು ಮಿಲಿಮೀಟರ್ ಎಂದರೆ ಬೆರಳಿನ ಅರ್ಧ ದಪ್ಪ. ನನ್ನ ಕಾರಿನಲ್ಲೂ ಇದೇ ತೆಳು ಪಕ್ಕೆಯ ಟೈರ್ ಇತ್ತು. ಒಂದು ರಾತ್ರಿ ನೀರು ತುಂಬಿದ ಗುಂಡಿಗೆ ಮುಂಚಕ್ರ ಇಳಿಯಿತು. ಬೆಳಿಗ್ಗೆ ನೋಡಿದರೆ ಟೈರಿನ ಪಕ್ಕೆಯಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು, ರಿಮ್ಮಿನ ಒಳ ಅಂಚು ಚಪ್ಪಟೆ. ಉಬ್ಬು ಬಂದ ಟೈರನ್ನು ರಿಪೇರಿ ಮಾಡಲಾಗದು, ಎಸೆಯಲೇಬೇಕು. ಆಮೇಲೆ ನಾನು ಒಂದಿಂಚು ಚಿಕ್ಕ ರಿಮ್ ಹಾಕಿಸಿದೆ. ಡಿಫರೆನ್ಷಿಯಲ್ ಉಳಿಯಿತು, ಬೆನ್ನಿಗೂ ಸುಖವಾಯಿತು. ಹೀಗೆ ಮಾಡುವ ಮನಸ್ಸಿದ್ದರೆ ಚಿಕ್ಕ ರಿಮ್ ಆ ದೊಡ್ಡ ಡಿಸ್ಕಿನ ಮೇಲೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಬಳಸಿದ ಕಾರು ಕೊಳ್ಳುತ್ತಿದ್ದರೆ ಬಾಗಿಲಿನ ಲಾಂಛನವನ್ನು ನಂಬಬೇಡಿ, ಅಂಟಿಸಿದ್ದೂ ಇರಬಹುದು. ಷಾಸಿ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮೂಲ ಪಟ್ಟಿ ತೆಗೆಸಿ. ಕ್ಲಚ್ ಫಲಕಗಳಿರುವ ಡಿಫರೆನ್ಷಿಯಲ್ ಆದರೆ ಅದರ ಆಯಿಲ್ ಬದಲಿಸಿದ ದಾಖಲೆ ಕೇಳಿ. ಮುಂದಿನ ಟೈರುಗಳ ಒಳ ಅಂಚಿಗೆ ಕೈಯಾಡಿಸಿ; ಅಲ್ಲಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಿಕೆ) ಕೆಟ್ಟಿರಬಹುದು.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ನಿಮ್ಮ ಮನೆಯವರಲ್ಲಿ ಹೆಚ್ಚಾಗಿ ಜೊತೆಗೆ ಬರುವವರನ್ನು ಕರೆದೊಯ್ಯಿರಿ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರು ಎರಡೂ ಕಾರಿನಲ್ಲಿ ಮುಂದೆಯೂ ಕೂತರು, ಹಿಂದೆಯೂ ಕೂತರು. ಪರ್ಫಾರ್ಮೆನ್ಸ್ ಆವೃತ್ತಿಯ ಮುಂದಿನ ಸೀಟಿನ ಎತ್ತರದ ಅಂಚನ್ನು ದಾಟಿ ಇಳಿಯುವಾಗ ಬಾಗಿಲಿನ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತರು. “ಗಾಡಿ ಚೆನ್ನಾಗಿದೆ, ಸೀಟು ಬೇಡ” ಎಂದರು. ಸಾಮಾನ್ಯ ಸೀಟುಗಳನ್ನೇ ಇಟ್ಟುಕೊಂಡು ಉಳಿದ ಪ್ಯಾಕೇಜ್ ತೆಗೆದುಕೊಳ್ಳಬಹುದು ಎಂದು ಗೊತ್ತಾಗಿದ್ದು ಆಗ, ನಾನು ಬಾಯಿಬಿಟ್ಟು ಕೇಳಿದ ಮೇಲೆ. ಹಾಗೆಯೇ ಬರೆಸಿದೆ.