‘ಹೋಗ್ತಾ ಇದೆ ಕಣಮ್ಮ’ ಅಂದ್ರೆ ಸಾಲದು: ಆಪರೇಷನ್ ಆದ್ಮೇಲೆ ಮೂತ್ರ ಕಟ್ಟೋದರ ಬಗ್ಗೆ ನನ್ನ ಅನುಭವ

ನಾನು ಸರ್ಜಿಕಲ್ ವಾರ್ಡಲ್ಲಿ ಸ್ಟಾಫ್ ನರ್ಸ್. ಈ ವಿಷಯ ನನ್ನ ತಲೆಗೆ ಹತ್ತಿದ್ದು ಒಬ್ಬರು ಅಜ್ಜನಿಂದ. ಹರ್ನಿಯಾ ಆಪರೇಷನ್, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರು, ಎಲ್ಲಾ ಸಲೀಸಾಗಿ ಮುಗಿದಿತ್ತು. ಸಾಯಂಕಾಲ "ಅಜ್ಜಾ, ಯೂರಿನ್ ಹೋಯ್ತಾ" ಅಂತ ಕೇಳಿದೆ, "ಹೋಗ್ತಾ ಇದೆ ಕಣಮ್ಮ, ಸ್ವಲ್ಪ ಸ್ವಲ್ಪ" ಅಂದ್ರು, ನಾನು ಚಾರ್ಟಲ್ಲಿ ಪಾಸಾಗಿದೆ ಅಂತ ಬರೆದು ಮುಂದಿನ ಬೆಡ್ಡಿಗೆ ಹೋದೆ. ರಾತ್ರಿ ನೋಡಿದ್ರೆ ಹೊರಳಾಡ್ತಿದ್ದಾರೆ, ಮೈಯೆಲ್ಲಾ ಬೆವರು, ಬಿಪಿ ಏರಿದೆ, ಗಾಯದ ನೋವಿರಬೇಕು ಇನ್ನೊಂದು ನೋವಿನ ಇಂಜೆಕ್ಷನ್ ಕೊಡೋಣ ಅಂತ ಮಾತಾಡ್ತಾ ಇದ್ವಿ, ಅಷ್ಟರಲ್ಲಿ ಕಿಬ್ಬೊಟ್ಟೆ ಮೇಲೆ ಕೈ ಇಟ್ಟೆ, ಹೊಕ್ಕಳ ಹತ್ರದವರೆಗೂ ಗಟ್ಟಿ. ಮೂತ್ರದ ಪೈಪ್ (ಕ್ಯಾಥೆಟರ್) ಹಾಕಿದ್ರೆ ಬ್ಯಾಗಿಗೆ 1,100 ಎಂಎಲ್ ಬಂತು! ಸ್ವಲ್ಪ ಸ್ವಲ್ಪ ಹೋಗ್ತಿದ್ದಿದ್ದು ತುಂಬಿ ತುಳುಕ್ತಿದ್ದಿದ್ದು, ಖಾಲಿಯಾಗಿದ್ದಲ್ಲ. ಆ ನೋವಿನ ಇಂಜೆಕ್ಷನ್ ಮಾರ್ಫಿನ್ ಜಾತಿದು, ಕೊಟ್ಟಿದ್ರೆ ಇನ್ನೂ ಕಟ್ತಿತ್ತು.

ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ ಹಿಡಿಯೋದು 400ರಿಂದ 600 ಎಂಎಲ್. ಅದಕ್ಕಿಂತ ಎರಡು ಪಟ್ಟು ಹಿಗ್ಗಿ ಹಾಗೇ ಗಂಟೆಗಟ್ಟಲೆ ಕೂತ್ರೆ ಅದರ ಸ್ನಾಯು ಸೋತುಬಿಡುತ್ತೆ, ಆಮೇಲೆ ಪೈಪ್ ತೆಗೆದ್ರೂ ತಾನಾಗಿ ಹಿಂಡೋ ಶಕ್ತಿ ಬೇಗ ಬರಲ್ಲ. ಅಜ್ಜನಿಗೂ ಹಾಗೇ ಆಯ್ತು, ಒಂದು ದಿನದಲ್ಲಿ ಮನೆಗೆ ಹೋಗಬೇಕಿದ್ದವರು ಬ್ಯಾಗ್ ಹಿಡ್ಕೊಂಡೇ ಹೋದ್ರು. ಅದು ನನ್ನ ತಪ್ಪು, ಇವತ್ತಿಗೂ ಮರೆತಿಲ್ಲ.

ಅದಾದ ಕೆಲವೇ ತಿಂಗಳಿಗೆ ನಮ್ಮ ಯುರಾಲಜಿ ಡಾಕ್ಟ್ರು ಇದೇ ವಿಷಯದ ಮೇಲೆ ಒಂದು ಸ್ಟಡಿ ಶುರು ಮಾಡಿದ್ರು, ವಾರ್ಡ್ ಕಡೆಯಿಂದ ಅಳತೆ ಬರ್ಕೊಳ್ಳೋಕೆ ಜನ ಬೇಕು ಅಂದಾಗ ನಾನೇ ಕೇಳಿ ಸೇರ್ಕೊಂಡೆ. ಮೊದಲ ಪಾಠ ಆಪರೇಷನ್‌ಗೆ ಮುಂಚೆದು. ಹಿಂದೆ ಯಾವಾಗಾದ್ರೂ ಮೂತ್ರ ಕಟ್ಟಿತ್ತಾ, ರಾತ್ರಿ ಎಷ್ಟು ಸಲ ಏಳ್ತೀರಾ, ಧಾರೆ ಸಣ್ಣ ಆಗಿದೆಯಾ, ಶುಗರ್ ಇದೆಯಾ, ಮಲಬದ್ಧತೆ ಇದೆಯಾ, ನೆಗಡಿ ಮಾತ್ರೆ ಏನಾದ್ರೂ ತಗೋತಿದ್ದೀರಾ ಅಂತ ಕೂತು ಕೇಳಬೇಕು. ನೆಗಡಿ ಮಾತ್ರೆ ಯಾಕೆ ಅಂತ ಎಲ್ಲರೂ ಕೇಳ್ತಾರೆ, ಅದರಲ್ಲಿರೋ ಕೆಲವು ಔಷಧಿ ಮೂತ್ರಕೋಶದ ಬಾಯಿ ಬಿಗಿ ಮಾಡುತ್ತೆ, ಕೆಲವು ಅದರ ಸ್ನಾಯುನೇ ಸಡಿಲ ಮಾಡುತ್ತೆ.

ಎರಡನೇದು ಬೆನ್ನಿನ ಅರಿವಳಿಕೆ. ಕಾಲು ಆಡಿಸಿದ್ರು ಅಂದ್ರೆ ಎಲ್ಲಾ ಸರಿಹೋಯ್ತು ಅಂತ ನಾವೂ ಅಂದ್ಕೋತಿದ್ವಿ, ಪೇಷೆಂಟ್ ಕಡೆಯವರೂ ಅಂದ್ಕೋತಾರೆ. ಕಾಲಿಗೆ ಶಕ್ತಿ ಮೊದಲು ಬರುತ್ತೆ, ಮೂತ್ರಕೋಶದ ನರಕ್ಕೆ ಆಮೇಲೆ, ಬುಪಿವಕೇನ್ ಅನ್ನೋ ಅರಿವಳಿಕೆ ಔಷಧಿ ಕೊಟ್ಟಿದ್ರೆ ಏಳೆಂಟು ಗಂಟೆನೂ ಹಿಡಿಯಬಹುದು. ಅಷ್ಟು ಹೊತ್ತು ತುಂಬಿದ್ದು ಗೊತ್ತೇ ಆಗಲ್ಲ, ಮೇಲಿಂದ ಡ್ರಿಪ್ ಬೇರೆ ಓಡ್ತಾ ಇರುತ್ತೆ.

ಹಾಗಾಗಿ ಕೇಳೋದು ಬಿಟ್ಟು ಅಳೆಯೋಕೆ ಶುರು ಮಾಡಿದ್ವಿ. ಬ್ಲಾಡರ್ ಸ್ಕ್ಯಾನರ್ ಅಂದ್ರೆ ಕೈಯಲ್ಲಿ ಹಿಡಿಯೋ ಚಿಕ್ಕ ಅಲ್ಟ್ರಾಸೌಂಡ್. ಮಲಗಿಸಿ, ಕಿಬ್ಬೊಟ್ಟೆ ಕೆಳಗೆ ಮುಂದಿರೋ ಮೂಳೆಯಿಂದ ಎರಡು ಬೆರಳು ಮೇಲೆ ಜೆಲ್ ಹಚ್ಚಿ, ಪ್ರೋಬನ್ನ ಸ್ವಲ್ಪ ಕೆಳಮುಖವಾಗಿ ಇಟ್ಟು ಬಟನ್ ಒತ್ತೋದು. ಒಂದೇ ಸಲ ನೋಡಿ ಬರೀಬಾರದು, ಕೈ ಸ್ವಲ್ಪ ವಾಲಿದ್ರೂ ಕಮ್ಮಿ ತೋರ್ಸುತ್ತೆ, ಮೂರು ಸಲ ನೋಡಿ ದೊಡ್ಡದನ್ನ ಬರ್ಕೋಬೇಕು. ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಅದನ್ನೂ ಮೂತ್ರ ಅಂತ ಲೆಕ್ಕ ಹಾಕುತ್ತೆ, ಅಂಥವರಲ್ಲಿ ಮೆಷಿನ್ ನಂಬಬೇಡಿ.

ನಾವು ಇಟ್ಕೊಂಡ ಗಡಿ 500. ದಾಟಿದೆ, ತಾನಾಗೂ ಹೋಗ್ತಿಲ್ಲ ಅಂದ್ರೆ ಒಂದು ಸಲ ಸಣ್ಣ ಪೈಪ್ ಹಾಕಿ ಖಾಲಿ ಮಾಡಿ ತೆಗೆಯೋದು, ಬಿಟ್ಟುಬಿಡೋದಲ್ಲ, ಯಾಕಂದ್ರೆ ಒಳಗೇ ಬಿಟ್ಟ ಪೈಪಿಂದ ಪ್ರತಿ ದಿನಕ್ಕೆ 3ರಿಂದ 7 ಪರ್ಸೆಂಟ್‌ನಂತೆ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೇರೋ ಸಾಧ್ಯತೆ ಏರ್ತಾ ಹೋಗುತ್ತೆ. ಆದ್ರೆ ಎಲ್ಲರಿಗೂ ಒಂದೇ ಗಡಿ ಸರೀನಾ ಅಂತ ನನಗೆ ಅನ್ನಿಸ್ತಾನೇ ಇತ್ತು. 2015ರಲ್ಲಿ ಬಂದ ಒಂದು ಟ್ರಯಲ್ಲಲ್ಲಿ ಪೇಷೆಂಟ್ ಮನೆಯಲ್ಲೇ ತಡ್ಕೊಂಡು ಅಳೆದು ತಂದ ಅವರವರ ಗರಿಷ್ಠ ಅಳತೆನೇ ಗಡಿ ಮಾಡಿದ್ರು, ಪೈಪ್ ಹಾಕಿಸಿಕೊಂಡವರ ಸಂಖ್ಯೆ ಕಮ್ಮಿ ಆಯ್ತು. ನನಗೆ ಬಹಳ ಹಿಡಿಸಿದ್ದು ಇದೇ.

ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗಿ ಕಟ್ಟಿದ್ರೆ ಕಥೆ ಬೇರೆ, ಅಲ್ಲಿ ಔಷಧಿ ಕೆಲಸ ಮಾಡುತ್ತೆ. ಪೈಪ್ ತೆಗೆಯೋ ಮುಂಚೆ ದಿನಕ್ಕೆ 10 ಎಂಜಿ ಆಲ್ಫುಜೋಸಿನ್ ಅನ್ನೋ ಮಾತ್ರೆ ಕೊಟ್ಟು ನೋಡಿದ ಟ್ರಯಲ್ಲಲ್ಲಿ ನೂರಕ್ಕೆ ಸುಮಾರು 62 ಜನಕ್ಕೆ ತಾನಾಗಿ ಹೋಯ್ತು, ಔಷಧಿ ಇಲ್ಲದ ಮಾತ್ರೆ ತಗೊಂಡವರಲ್ಲಿ 48. ಇನ್ನು ಫಿನಾಸ್ಟರೈಡ್ ಅನ್ನೋ ಇನ್ನೊಂದು ಪ್ರಾಸ್ಟೇಟ್ ಮಾತ್ರೆ ಬಗ್ಗೆ 1998ರಲ್ಲಿ ಬಂದ ನಾಲ್ಕು ವರ್ಷದ ಸ್ಟಡಿಯಲ್ಲಿ 3,040 ಗಂಡಸರಿದ್ರು, ಮೂತ್ರ ಕಟ್ಟೋದು 7 ಪರ್ಸೆಂಟಿಂದ 3ಕ್ಕೆ ಇಳೀತು. ಡಾಕ್ಟ್ರು ಹೇಳದೆ ನೀವೇ ತಗೋಬೇಡಿ ಅಷ್ಟೇ.

ನಮ್ಮ ಸ್ಟಡಿಯಲ್ಲಿ ನನಗೆ ನಿದ್ದೆ ಕೆಡಿಸಿದ್ದು ಖಾಲಿ ಕಾಲಂಗಳು. ನೈಟ್ ಡ್ಯೂಟಿಯಲ್ಲಿ ಇಬ್ಬರೇ ಇರ್ತಿದ್ವಿ, ಎಮರ್ಜೆನ್ಸಿ ಬಂದ ರಾತ್ರಿ ಯಾರೂ ಸ್ಕ್ಯಾನ್ ಮಾಡ್ತಿರಲಿಲ್ಲ, ಅಂದ್ರೆ ಮೂತ್ರ ಕಟ್ಟಿದ್ರೂ ಗಮನಕ್ಕೆ ಬರದೇ ಇರೋ ರಾತ್ರಿಗಳೇ ಲೆಕ್ಕದಿಂದ ಬಿಟ್ಟುಹೋಗ್ತಿದ್ವು. ಆ ಖಾಲಿ ಜಾಗಾನ ‘ತೊಂದರೆ ಇಲ್ಲ’ ಅಂತ ಲೆಕ್ಕ ಹಾಕಿದ್ರೆ ಫಲಿತಾಂಶ ಚೆನ್ನಾಗಿ ಕಾಣುತ್ತೆ, ಆದ್ರೆ ಸುಳ್ಳಾಗುತ್ತೆ. ಡಾಕ್ಟ್ರ ಹತ್ರ ಹೋಗಿ ಹೇಳಿದೆ, ಒಪ್ಕೊಂಡ್ರು, ಫಾರಂ ಬದಲಾಯ್ತು, ‘ಅಳೆದಿಲ್ಲ’ ಮತ್ತು ಕಾರಣ ಅಂತ ಬೇರೆ ಕಾಲಂ ಬಂತು, ಸ್ಕ್ಯಾನರ್ ಸ್ಟೋರ್ ರೂಮಿಂದ ಡ್ರೆಸ್ಸಿಂಗ್ ಟ್ರಾಲಿಗೆ ಬಂತು.

ಆಮೇಲೆ ಒಂದು ರಾತ್ರಿ ಮಂಡಿ ಆಪರೇಷನ್ ಆದ ಅಮ್ಮ ಒಬ್ಬರು, ಸ್ಕ್ಯಾನಲ್ಲಿ 380. ಬೆಡ್‌ಪ್ಯಾನಲ್ಲಿ ಮಲಗಿಕೊಂಡು ಆಗ್ತಾನೇ ಇಲ್ಲ ಅಂತ ಕಣ್ಣಲ್ಲಿ ನೀರು. ಗಡಿ ಇನ್ನೂ ದಾಟಿಲ್ಲ, ಟೈಮ್ ಇದೆ. ಇಬ್ಬರು ಹಿಡ್ಕೊಂಡು ಕಮೋಡ್ ಕುರ್ಚಿ ಮೇಲೆ ಕೂರಿಸಿದ್ವಿ, ಪರದೆ ಎಳೆದು, ನಲ್ಲಿ ಬಿಟ್ಟು, "ನಾವು ಆಚೆ ಇರ್ತೀವಿ ಅಮ್ಮಾ, ಅವಸರ ಇಲ್ಲ" ಅಂತ ಹೇಳಿ ಬಂದ್ವಿ. ಇಪ್ಪತ್ತು ನಿಮಿಷ ಆಗಿರಬೇಕು, ಒಳಗಿಂದ "ಆಯ್ತು ಸಿಸ್ಟರ್" ಅಂದ್ರು. ಅಳೆದೆ, 350. ಮತ್ತೆ ಸ್ಕ್ಯಾನ್ ಮಾಡಿದೆ, ಉಳಿದಿದ್ದು 30. ಎರಡೂ ನಂಬರ್ ಫಾರಂನಲ್ಲಿ ಬರೆದೆ, ಪಕ್ಕದಲ್ಲಿ ಟೈಮ್ ಹಾಕಿದೆ.