ನೆಲ ಒರೆಸುವ ಯಂತ್ರ ಮತ್ತು ನಮ್ಮ ಮನೆಯ ಹೊಸ್ತಿಲುಗಳು

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆ ಎರಡು ಕಾಲಕ್ಕೆ ಸೇರಿದ್ದು. ಜಗಲಿ, ನಡುಮನೆ, ದೇವರ ಕೋಣೆಗಳಲ್ಲಿ ಮಾವನವರು ಹಾಕಿಸಿದ ರೆಡ್ ಆಕ್ಸೈಡ್ ನೆಲವಿದೆ. ಹನ್ನೆರಡು ವರ್ಷಗಳ ಹಿಂದೆ ಹಿಂಭಾಗಕ್ಕೆ ಸೇರಿಸಿ ಕಟ್ಟಿಸಿದ ಹಾಲ್ ಮತ್ತು ಮೂರು ಕೋಣೆಗಳಲ್ಲಿ ವಿಟ್ರಿಫೈಡ್ ಟೈಲ್ಸ್ ಇದೆ. ಹೀಗಾಗಿ ಒಂದೇ ಸೂರಿನ ಕೆಳಗೆ ಎರಡು ಬಗೆಯ ನೆಲದ ಮೇಲೆ ನೆಲ ಒರೆಸುವ ರೋಬೋಟ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಎರಡು ಮಳೆಗಾಲ ನೋಡುವ ಅವಕಾಶ ನನಗೆ ಸಿಕ್ಕಿತು.

ಯಂತ್ರ ತರಲು ನನ್ನ ಮಂಡಿನೋವು ಒಂದು ಕಾರಣವಾದರೆ ಅಡಿಕೆ ಸುಗ್ಗಿ ಇನ್ನೊಂದು ಕಾರಣ. ಕೊಯ್ಲು ಶುರುವಾದ ಮೇಲೆ ಮನೆಕೆಲಸಕ್ಕೆ ಬರುವವರು ಅಡಿಕೆ ಸುಲಿಯಲು ಹೋಗುತ್ತಾರೆ. ಅಲ್ಲಿ ಸಿಗುವ ಕೂಲಿ ಹೆಚ್ಚು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯೊಳಗೆ ಅತಿ ಹೆಚ್ಚು ಕಸ ಬರುವುದೂ ಅದೇ ತಿಂಗಳುಗಳಲ್ಲಿ. ಇಪ್ಪತ್ತನಾಲ್ಕು ಸಾವಿರ ರೂಪಾಯಿ ಕೊಟ್ಟು, ಗುಡಿಸುವುದು ಮತ್ತು ಒರೆಸುವುದು ಎರಡನ್ನೂ ಮಾಡುವ ಮಧ್ಯಮ ದರದ ಯಂತ್ರವೊಂದನ್ನು ತರಿಸಿದೆ. ತನ್ನ ಬಟ್ಟೆಯನ್ನು ತಾನೇ ತೊಳೆದು ಒಣಗಿಸಿಕೊಳ್ಳುವ ಮಾದರಿಗಳಿಗೆ ಇದರ ಎರಡರಷ್ಟಕ್ಕೂ ಮೀರಿದ ಬೆಲೆ ಇದ್ದುದರಿಂದ ಆ ಕಡೆ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಹೀರುವ ಶಕ್ತಿಯನ್ನು ಪ್ಯಾಸ್ಕಲ್ ಲೆಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಆ ಸಂಖ್ಯೆಗೆ ಬೆಲೆ ಬರುವುದು ಕಾರ್ಪೆಟ್ ಇರುವ ಮನೆಗಳಲ್ಲಿ. ನಮ್ಮಂಥ ಬರಿನೆಲದ ಮನೆಗೆ ಅದು ಅಷ್ಟು ಮುಖ್ಯವಲ್ಲ ಎಂದು ಬಳಸಿದ ಮೇಲೆ ಅರ್ಥವಾಯಿತು.

ಟೈಲ್ಸ್ ಇರುವ ಭಾಗದಲ್ಲಿ ಅದರ ಕೆಲಸ ಚೆನ್ನಾಗಿದೆ. ನೆತ್ತಿಯ ಮೇಲೆ ತಿರುಗುವ ಲೇಸರ್ ಗೋಡೆ, ಮೇಜು, ಕಪಾಟುಗಳ ದೂರವನ್ನು ಅಳೆದು ನಕ್ಷೆಯೊಂದನ್ನು ಮಾಡಿಕೊಳ್ಳುತ್ತದೆ. ಆ ನಕ್ಷೆ ಮೊಬೈಲಿನಲ್ಲಿ ಕಾಣುತ್ತದೆ, ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಬೆರಳಿನಿಂದ ಗೆರೆ ಎಳೆದರೆ ಸಾಕು. ಸುಮಾರು 800 ಚದರ ಅಡಿಯನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸುತ್ತದೆ. ಮಂಚದ ಕೆಳಗೆ ನಾನು ತಿಂಗಳಿಗೊಮ್ಮೆ ಬಗ್ಗಿ ನೋಡುತ್ತಿದ್ದ ಜಾಗ ಈಗ ದಿನವೂ ಸ್ವಚ್ಛವಾಗಿರುತ್ತದೆ. ಯಂತ್ರ ದುಂಡಗಿರುವುದರಿಂದ ಮೂಲೆಗಳು ಮಾತ್ರ ಹಾಗೆಯೇ ಉಳಿಯುತ್ತವೆ, ಅಲ್ಲಿ ಪೊರಕೆಯೇ ಗತಿ.

ಒರೆಸುವ ಕೆಲಸದ ಗುಣದೋಷಗಳೆರಡೂ ಅದು ಬಳಸುವ ನೀರಿನ ಪ್ರಮಾಣದಲ್ಲೇ ಇವೆ ಎಂಬುದು ನನಗೆ ಕಂಡ ಮುಖ್ಯ ಸಂಗತಿ. ಇದರ ನೀರಿನ ತೊಟ್ಟಿ ಹಿಡಿಯುವುದು ಕಾಲು ಲೀಟರ್. ನಾವು ಕೈಯಲ್ಲಿ ಒರೆಸುವಾಗ ಅಷ್ಟೇ ಜಾಗಕ್ಕೆ ಎರಡು ಬಕೆಟ್ ನೀರು ಬದಲಿಸುತ್ತೇವೆ, ಬಟ್ಟೆಯನ್ನು ಹತ್ತಾರು ಸಲ ಹಿಂಡುತ್ತೇವೆ. ಯಂತ್ರದ ಬಟ್ಟೆಯನ್ನು ನಡುವೆ ಹಿಂಡುವವರಿಲ್ಲ. ಮೊದಲನೆಯ ಕೋಣೆಯಲ್ಲಿ ಹತ್ತಿದ ಕೊಳೆಯನ್ನೇ ಹೊತ್ತುಕೊಂಡು ಅದು ಕೊನೆಯ ಕೋಣೆಗೆ ಹೋಗುತ್ತದೆ. ಎರಡು ಕೋಣೆ ಮುಗಿದೊಡನೆ ನಿಲ್ಲಿಸಿ ಬಟ್ಟೆ ಬದಲಿಸುವುದನ್ನು ನಾನು ರೂಢಿಸಿಕೊಂಡೆ. ಒಣಗಿದ ಕಲೆಗಳ ಮುಂದೆ ಇಷ್ಟು ನೀರು ಏನೂ ಸಾಲದು. ತೋಟದಿಂದ ಬಂದವರ ಕಾಲಿಗೆ ಇಂಬಳ ಕಚ್ಚಿ ಸೋರಿದ ರಕ್ತದ ಹನಿಗಳು ನೆಲದ ಮೇಲೆ ಒಣಗಿದ್ದರೆ, ಯಂತ್ರ ಮೂರು ಸಲ ಹೋಗಿ ಬಂದರೂ ಅವು ಅಲ್ಲೇ ಇರುತ್ತವೆ.

ಆದರೆ ಜುಲೈ ತಿಂಗಳಿನಲ್ಲಿ ಇದೇ ಕೊರತೆ ಅನುಕೂಲವಾಗುತ್ತದೆ. ಸೂರ್ಯನ ಮುಖವೇ ಕಾಣದ ಆ ದಿನಗಳಲ್ಲಿ ಬಕೆಟ್ ನೀರಿನಿಂದ ಒರೆಸಿದ ನೆಲ ಮಧ್ಯಾಹ್ನವಾದರೂ ಒಣಗುವುದಿಲ್ಲ, ಆ ಹಸಿಯ ಮೇಲೆ ಓಡಾಡಿದರೆ ಮತ್ತೆ ಕಾಲಿನ ಗುರುತುಗಳು ಮೂಡುತ್ತವೆ, ಮನೆಯಲ್ಲಿ ವಯಸ್ಸಾದವರಿದ್ದರೆ ಜಾರುವ ಭಯ ಬೇರೆ. ಯಂತ್ರ ಒರೆಸಿದ ನೆಲ ಫ್ಯಾನಿನ ಗಾಳಿಗೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಎಂಬತ್ತರ ಹತ್ತಿರದ ನಮ್ಮ ಅತ್ತೆಯವರು ಈಗ ಮಳೆಗಾಲದಲ್ಲಿ ಗೋಡೆ ಹಿಡಿದು ನಡೆಯಬೇಕಾಗಿಲ್ಲ, ನನಗೆ ಇದೊಂದೇ ಸಾಕು ಎನಿಸಿದೆ. ಹಾಗೆಂದು ಆ ತೇವ ಎಲ್ಲಿಗೂ ಹೋಗುವುದಿಲ್ಲ, ಯಂತ್ರದ ಬಟ್ಟೆಯಲ್ಲಿ ಉಳಿಯುತ್ತದೆ. ಮೊದಲ ಮಳೆಗಾಲದಲ್ಲಿ ಕೆಲಸ ಮುಗಿಸಿದ ಯಂತ್ರವನ್ನು ಹಾಗೆಯೇ ಬಿಟ್ಟದ್ದಕ್ಕೆ ಮೂರೇ ದಿನಗಳಲ್ಲಿ ಇಡೀ ಹಾಲ್ ಮುಗ್ಗಲು ವಾಸನೆ ಹೊಡೆಯಿತು. ಈಗ ಆರು ಬಟ್ಟೆಗಳನ್ನು ಇಟ್ಟುಕೊಂಡಿದ್ದೇನೆ. ದಿನವೂ ತೊಳೆದು, ಬಚ್ಚಲ ಒಲೆಯ ಮೇಲೆ ಕಟ್ಟಿದ ತಂತಿಗೆ, ಮಕ್ಕಳ ಸಾಕ್ಸ್‌ಗಳ ಪಕ್ಕದಲ್ಲಿ ಹರವುತ್ತೇನೆ.

ಹಳೆಯ ಭಾಗದ ಕಥೆಯೇ ಬೇರೆ. ನನ್ನ ಯಂತ್ರ ಹತ್ತಬಲ್ಲದ್ದು ಎರಡು ಸೆಂಟಿಮೀಟರ್ ಎತ್ತರವನ್ನು. ನಮ್ಮ ನಡುಮನೆಯ ಹೊಸ್ತಿಲು ನಾಲ್ಕು ಇಂಚು ಇದೆ. ಹಾಗಾಗಿ ಅದನ್ನು ಎತ್ತಿಕೊಂಡು ಹೋಗಿ ಒಳಗೆ ಬಿಡಬೇಕು, ಮುಗಿದ ಮೇಲೆ ಎತ್ತಿಕೊಂಡು ಬರಬೇಕು. ಇಷ್ಟನ್ನಾದರೂ ಸಹಿಸಬಹುದಿತ್ತು. ಆದರೆ ನಡುಮನೆಯ ಕೆಂಪು ನೆಲದ ಸುತ್ತ ಒಂದು ಅಡಿ ಅಗಲದ ಕಪ್ಪು ಪಟ್ಟಿ ಇದೆ. ಯಂತ್ರ ಆ ಪಟ್ಟಿಯ ಅಂಚಿಗೆ ಬಂದೊಡನೆ ಬೆಚ್ಚಿದ ಹಾಗೆ ಹಿಂದಕ್ಕೆ ಸರಿಯುತ್ತಿತ್ತು. ಅದರ ಹೊಟ್ಟೆಯ ಅಡಿಯಲ್ಲಿ, ಮೆಟ್ಟಿಲಿನಿಂದ ಉರುಳದಿರಲೆಂದು ಇಟ್ಟಿರುವ ಅವಗೆಂಪು ಕಿರಣದ ಸಂವೇದಕಗಳಿವೆ. ನೆಲಕ್ಕೆ ತಾಗಿದ ಕಿರಣ ಮರಳಿ ಬಂದರೆ ಮುಂದೆ ನೆಲವಿದೆ, ಬಾರದಿದ್ದರೆ ಹಳ್ಳವಿದೆ ಎಂಬುದು ಅದರ ಲೆಕ್ಕ. ಕಪ್ಪು ಬಣ್ಣ ಆ ಕಿರಣವನ್ನು ಹೀರಿಕೊಳ್ಳುವುದರಿಂದ ಮಾವನವರು ಅಂದಕ್ಕೆಂದು ಹಾಕಿಸಿದ ಪಟ್ಟಿ ಯಂತ್ರಕ್ಕೆ ಪ್ರಪಾತವಾಗಿ ಕಾಣುತ್ತದೆ. ಸಂವೇದಕಗಳ ಮೇಲೆ ಬಿಳಿ ಕಾಗದ ಅಂಟಿಸಿದರೆ ಸರಿಹೋಗುತ್ತದೆಂದು ತಿಳಿದವರೊಬ್ಬರು ಹೇಳಿದರು. ನಡುಮನೆಗೆ ಮಾತ್ರವಾದರೆ ಮಾಡಬಹುದಿತ್ತು. ಆದರೆ ಅದೇ ಯಂತ್ರವನ್ನು ಜಗಲಿಗೂ ಬಿಡುತ್ತೇನೆ, ಜಗಲಿಯಿಂದ ಅಂಗಳಕ್ಕೆ ಎರಡು ಅಡಿ ಆಳವಿದೆ. ಕಾಗದ ತೆಗೆಯಲು ಮರೆತ ಒಂದು ದಿನಕ್ಕೆ ಇಪ್ಪತ್ತನಾಲ್ಕು ಸಾವಿರ ಅಂಗಳದ ಕೆಸರಿಗೆ ಬೀಳುತ್ತದೆ. ಆ ಪಟ್ಟಿಯನ್ನು ನಾನೇ ಒರೆಸುತ್ತೇನೆ.

ಗುಡಿಸುವ ಬ್ರಷ್‌ಗೆ ತಲೆಗೂದಲು ಸುತ್ತಿಕೊಳ್ಳುವುದು ಎಲ್ಲ ಕಡೆಯೂ ಇರುವ ತೊಂದರೆ. ನಮ್ಮಲ್ಲಿ ಅದಕ್ಕೆ ಅಡಿಕೆ ಸಿಪ್ಪೆಯ ನಾರು ಜೊತೆಯಾಗುತ್ತದೆ, ಸುಗ್ಗಿಯಲ್ಲಿ ಎರಡು ದಿನಕ್ಕೊಮ್ಮೆ ಕತ್ತರಿ ಹಿಡಿದು ಕೂರಬೇಕು. ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಹಲಸಿನ ಮೇಣ. ಕಳೆದ ಮೇ ತಿಂಗಳಲ್ಲಿ ಹಪ್ಪಳಕ್ಕೆಂದು ಹಾಲ್‌ನಲ್ಲಿ ಕುಳಿತು ಹಲಸಿನಕಾಯಿ ಬಿಡಿಸಿದ್ದೆವು. ಕೆಳಗೆ ಹಾಸಿದ್ದ ಕಾಗದದ ಆಚೆಗೂ ಮೇಣ ಬಿದ್ದಿದ್ದನ್ನು ಯಾರೂ ಗಮನಿಸಲಿಲ್ಲ. ಮರುದಿನ ಬೆಳಿಗ್ಗೆ ಯಂತ್ರದ ಗಾಲಿ ಅದನ್ನು ಮೆಟ್ಟಿ, ಹಾಲ್‌ನಿಂದ ಮಲಗುವ ಕೋಣೆಯವರೆಗೆ ಸಾಲಾಗಿ ಅಂಟಿಸುತ್ತಾ ಹೋಯಿತು. ಕೊನೆಗೆ ಗಾಲಿಗೆ ಕೂದಲು, ಧೂಳು ಎಲ್ಲ ಮೆತ್ತಿಕೊಂಡು ನಿಂತೇ ಹೋಯಿತು. ಕೊಬ್ಬರಿ ಎಣ್ಣೆ ಹಚ್ಚಿ ಮೇಣ ಬಿಡಿಸಲು ನನಗೆ ಅರ್ಧ ದಿನ ಹಿಡಿಯಿತು, ಆಮೇಲೆ ನೆಲದ ಎಣ್ಣೆ ಹೋಗಲು ಇನ್ನರ್ಧ ದಿನ. ಯಂತ್ರಕ್ಕೆ ಕಣ್ಣಿದೆ ಎನ್ನುತ್ತಾರೆ, ಆದರೆ ನನ್ನ ಯಂತ್ರದ ಕಣ್ಣಿಗೆ ಗೋಡೆ, ಕುರ್ಚಿಗಳು ಕಾಣುತ್ತವೆಯೇ ಹೊರತು ನೆಲಕ್ಕೆ ಅಂಟಿದ್ದು ಕಾಣುವುದಿಲ್ಲ.

ಕರೆಂಟು ಹೋಗುವ ಊರಿನಲ್ಲಿ ಇನ್ನೊಂದು ಎಚ್ಚರ ಬೇಕು. ಯಂತ್ರವೇನೋ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಆದರೆ ಚಾರ್ಜಿಂಗ್ ಪೀಠ ಸತ್ತಿರುತ್ತದೆ. ಪೀಠದಿಂದ ಹೊರಡುವ ಸಂಕೇತವಿಲ್ಲದೆ ನನ್ನ ಯಂತ್ರಕ್ಕೆ ಮರಳಿ ಸೇರಲು ಬರುವುದಿಲ್ಲ. ಪೀಠವನ್ನು ಇನ್ವರ್ಟರ್‌ಗೆ ಕೊಟ್ಟ ಮೇಲೆ ಆ ತಾಪತ್ರಯ ತಪ್ಪಿತು. ಅದಕ್ಕೂ ಮುಂಚೆ ಒಂದು ದಿನ, ಚಾರ್ಜ್ ಮಾಡಿಕೊಳ್ಳಲು ಅರ್ಧದಲ್ಲೇ ಪೀಠಕ್ಕೆ ಬಂದು ನಿಂತಿದ್ದಾಗ ಕರೆಂಟು ಹೋಗಿತ್ತು. ಮಧ್ಯಾಹ್ನದ ಮೇಲೆ ಬಂದ ಕರೆಂಟಿನಲ್ಲಿ ಚಾರ್ಜ್ ತುಂಬಿಕೊಂಡು, ಉಳಿದ ಕೆಲಸ ಮುಗಿಸಲು ಸಂಜೆ ಏಳಕ್ಕೆ ತಾನಾಗಿಯೇ ಹೊರಟಿತು. ಅತ್ತೆಯವರು ಆಗಷ್ಟೇ ದೇವರಿಗೆ ದೀಪ ಹಚ್ಚಿದ್ದರು. “ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಅಂತ ಅದಕ್ಕೆ ಯಾರೂ ಹೇಳಿಕೊಡಲಿಲ್ವೇನೇ?” ಎಂದು ಕೇಳಿದರು. ಹೇಳಿಕೊಡಲು ಮೊಬೈಲಿನಲ್ಲಿ ಜಾಗವಿತ್ತು. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಅಲುಗಬಾರದೆಂದು ಅಂದೇ ಹೊಂದಿಸಿದೆ.

ತೊಟ್ಟಿಗೆ ಫಿನಾಯಿಲ್ ಹಾಕಬಾರದೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ನಾನು ಹಾಕುವುದೂ ಇಲ್ಲ. ಆದ್ದರಿಂದ ಒರೆಸಿದ ಮನೆಯ ವಾಸನೆ ಬರುವುದಿಲ್ಲ, ವಾಸನೆ ಬಾರದ ಮೇಲೆ ಅತ್ತೆಯವರ ಲೆಕ್ಕದಲ್ಲಿ ನೆಲ ಒರೆಸಿದ್ದೇ ಅಲ್ಲ. ಮಂಗಳವಾರ ಮತ್ತು ಶುಕ್ರವಾರ ಇಡೀ ಮನೆಯನ್ನು ಕೈಯಿಂದಲೇ ಒರೆಸುವ ಕ್ರಮ ಹಾಗೆಯೇ ಉಳಿದಿದೆ, ಕೆಲಸಕ್ಕೆ ಬರುವಾಕೆ ಈಗ ಆ ಎರಡು ದಿನ ಬರುತ್ತಾರೆ. ರಂಗೋಲಿ ಇರುವ ದೇವರ ಕೋಣೆಗೆ ಯಂತ್ರವನ್ನು ಬಿಡುವುದೇ ಇಲ್ಲ. ಉಳಿದ ಐದು ದಿನ ಟೈಲ್ಸ್ ಭಾಗ ಯಂತ್ರದ್ದು. ಕುರ್ಚಿ ಎತ್ತಿಡುವುದು, ಚಾಪೆ ಸುತ್ತಿಡುವುದು, ಚಾರ್ಜರ್ ವೈರುಗಳನ್ನು ಮೇಲಕ್ಕೆ ಹಾಕುವುದು, ಆಮೇಲೆ ಬಟ್ಟೆ ತೊಳೆಯುವುದು ಎಲ್ಲ ಸೇರಿ ನನಗೆ ದಿನಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೊದಲು ಮುಕ್ಕಾಲು ಗಂಟೆ ಬೇಕಿತ್ತು, ಅದೂ ಮಂಡಿ ಮಡಿಸಿ.

ಮೊನ್ನೆ ಪಕ್ಕದ ತೋಟದ ಮನೆಯವರು ತಾವೂ ಒಂದು ತರಿಸಬಹುದೇ ಎಂದು ವಿಚಾರಿಸಲು ಬಂದಿದ್ದರು. ಹೊಸ್ತಿಲುಗಳ ಎತ್ತರ ಅಳೆದುಕೊಂಡು, ನೆಲದಲ್ಲಿ ಕಪ್ಪು ಎಲ್ಲೆಲ್ಲಿದೆ ಎಂದು ನೋಡಿಕೊಂಡು ಬನ್ನಿ ಎಂದೆ. ಮರುದಿನ ಫೋನ್ ಮಾಡಿದರು: ಹೊಸ್ತಿಲು ಐದು ಇಂಚು, ನಡುಮನೆಯ ನೆಲ ಪೂರ್ತಿ ಕಪ್ಪು.